ಶಾಂತಕ್ಕನ ಹೊಟ್ಟೆಯುರಿ

ಪರರ ಹೊಟ್ಟೆಯ ಸಂಗತಿಗಳಲ್ಲಿ ಮೂಗು ತೂರಿಸುವುದು ಸಭ್ಯತೆಯಲ್ಲ ಎಂದು ನಾನೂ ಬಲ್ಲೆ. ಆದರೆ ನನಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಎರಡು ಸಾವಿರದ ಆಸುಪಾಸಿನ ವರ್ಷಗಳಲ್ಲಿ ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ದಾಖಲೆ ಗುಮಾಸ್ತ. ಡಾಕ್ಟರು ಬರೆದ ಕಾಯಿಲೆಯ ಎದುರು, ದಪ್ಪ ಪುಸ್ತಕ ನೋಡಿ, ಅದರ ಕೋಡ್ ಸಂಖ್ಯೆ ಹಾಕಬೇಕು. ಎದೆಯುರಿಗೆ ಒಂದು, ಅಜೀರ್ಣಕ್ಕೆ ಇನ್ನೊಂದು, ವಾಯುವಿಗೆ ಮತ್ತೊಂದು. ಇಷ್ಟು ವರ್ಷ ಒಂದೂ ತಪ್ಪಿಲ್ಲವೆಂಬ ಜಂಬ ಬೇರೆ. ಮನೆಯಲ್ಲಿ ಯಾರಾದರೂ ತೇಗಿದರೂ ಅದರ ನಂಬರು ಹೇಳಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದೆ.

ಧಾರವಾಡದವನಾದ್ದರಿಂದ ಕನ್ನಡದ ರೋಗಿ ಬಂದರೆ ದುಭಾಷಿಯೂ ನಾನೇ. ಹಾಗೆ ಒಮ್ಮೆ ಪುಣೆಯದೇ ಕೊಂಢವಾ ಬಡಾವಣೆಯಿಂದ ಶಾಂತಕ್ಕ ಬಂದರು. ಮಗನ ಮನೆಯಲ್ಲಿದ್ದ ಅರವತ್ತರ ಹೆಂಗಸು. "ಹೊಟ್ಟಿ ಭಾಳ ಉರೀತದ್ರಿ" ಎಂದರು. ಡಾಕ್ಟರಿಗೆ ಅದನ್ನು ಮರಾಠಿಯಲ್ಲಿ ಆ್ಯಸಿಡಿಟಿ ಎಂದು ದಾಟಿಸಿದೆ. ಮಾತ್ರೆ ಶುರುವಾಯಿತು, ಮೆಣಸಿನಕಾಯಿ ಬಂದ್ ಆಯಿತು, ನಾನು ಎದೆಯುರಿಯ ಸಂಖ್ಯೆ ಹಾಕಿ ಕೈತೊಳೆದುಕೊಂಡೆ. ಹದಿನೈದು ದಿನಕ್ಕೆ ಮತ್ತೆ ಬಂದರು. ಉರಿ ಹಾಗೇ ಇತ್ತು. ಗಂಟಲಿನಿಂದ ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡೋಣವೆಂದು ಡಾಕ್ಟರು ಚೀಟಿ ಬರೆದರು. ಶಾಂತಕ್ಕ ಬೆವರಿಬಿಟ್ಟರು. ನನಗೂ ಮೊದಲ ಸಲ ನನ್ನ ಸಂಖ್ಯೆಯ ಮೇಲೆ ಅನುಮಾನ ಬಂತು. ಹೊರಗೆ ಬೆಂಚಿನ ಮೇಲೆ ಕೂರಿಸಿ ಕೇಳಿದೆ.

"ಅಕ್ಕಾ, ಖರೇ ಹೇಳ್ರಿ. ಉರಿ ಊಟಕ್ಕ ಮೊದಲೋ, ಆಮ್ಯಾಲೋ?"

"ಊಟದ ಸುದ್ದಿ ಎಲ್ಲಿ ಬಂತ್ರಿ? ಬಾಜೂ ಮನಿ ಕಮಲಾ ಪ್ರತಿ ಸೂಟಿಗೂ ಧಾರವಾಡಕ್ಕ ಹೋಗ್ಲಿಕ್ಕೆ ಬ್ಯಾಗ್ ತುಂಬತಾಳ. ಅದನ್ನ ನೋಡಿದ್ರ ಉರೀತದ. ನಂದೂ ಅದೇ ಊರು, ನಾ ಅದನ್ನ ಕಂಡು ಒಂಬತ್ತು ವರ್ಷ ಆತು. ತಂಗಿ ಕರದು ಕರದು ಸುಮ್ಮನಾದ್ಲು. ಮಗನ್ನ ಕೇಳಿದ್ರ, ಮುಂದಿನ ತಿಂಗಳ ನೋಡೋಣವ್ವಾ ಅಂತಾನ."

ಒಳಗೆ ಹೋಗಿ ತಪ್ಪೊಪ್ಪಿಕೊಂಡೆ. ಡಾಕ್ಟರು ಕನ್ನಡಕ ತೆಗೆದು ನಕ್ಕರು. ಹಳೆಯ ಚೀಟಿ ಹರಿದು, ಮಗನಿಗೆ ತಿಳಿಯಲೆಂದು ಮರಾಠಿಯಲ್ಲಿ ಹೊಸದು ಬರೆದರು: ಎಂಟು ದಿನ ಧಾರವಾಡದ ಹವೆ, ತಡಮಾಡಬಾರದು. "ಇದಕ್ಕೆ ಯಾವ ಕೋಡ್ ಹಾಕುತ್ತೀರಿ?" ಎಂದು ಕೇಳಿದರು. ಪುಸ್ತಕವೆಲ್ಲ ತಿರುವಿದೆ. ಹೊಟ್ಟೆಯೊಳಗಿನದೆಲ್ಲ ಅಲ್ಲಿತ್ತು, ಇದೊಂದು ಇರಲಿಲ್ಲ.

ಡಾಕ್ಟರ ಚೀಟಿಗೆ ಮಗ ಎದುರಾಡಲಿಲ್ಲ. ಶಾಂತಕ್ಕ ಹೋಗಿ ಬಂದರು. ನನ್ನ ಮೇಜಿನ ಮುಂದೆ ನಿಂತು ತಂಗಿಯ ಮನೆಯ ಹಿತ್ತಲು, ರೊಟ್ಟಿ ಬಡಿಯುವ ಸಪ್ಪಳ, ಸಂಜೆಯ ತಣ್ಣನೆ ಗಾಳಿ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. "ನೀವು ಯಾವಾಗ ಹೋಗಿದ್ರಿ?" ಎಂದರು. ನೆನಪು ಮಾಡಿಕೊಂಡೆ, ಹನ್ನೊಂದು ವರ್ಷವಾಗಿತ್ತು.

ಅಂದೇ ಮಧ್ಯಾಹ್ನ ಡಾಕ್ಟರ ಮುಂದೆ ಕುಳಿತು, ಹೊಟ್ಟೆ ಉರಿಯುತ್ತಿದೆ ಎಂದು ಸ್ವಚ್ಛವಾದ ಮರಾಠಿಯಲ್ಲಿ ಹೇಳಿದೆ. ನಡುವೆ ದುಭಾಷಿ ಯಾರೂ ಇರಲಿಲ್ಲ. ಅವರು ಮಾತ್ರೆ ಬರೆದುಕೊಟ್ಟರು.