ಒಬ್ಬರೇ ಕೂರುವ ವಿಮಾನ

ದೇವರ ಹತ್ತಿರ ಏನನ್ನಾದರೂ ಬೇಡುವಾಗ ಸ್ವಲ್ಪ ನೋಡಿಕೊಂಡು ಬೇಡಬೇಕು ಎಂದು ಹಿರಿಯರು ಹೇಳುತ್ತಾರೆ. ಆತ ಕೊಡುವುದಿಲ್ಲವೆಂಬ ಭಯಕ್ಕಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟುಬಿಡುತ್ತಾನೆಂಬ ಭಯಕ್ಕೆ.

ನಮ್ಮ ಕಂಡಕ್ಟರು ಬೇಡಿದ್ದು ಮೂರೇ ಮಾತು. "ಅಪ್ಪಾ, ನನಗೊಂದು ಕೋಣೆ ಕೊಡು. ಕೋಣೆಗೊಂದು ಬಾಗಿಲು ಕೊಡು. ಬಾಗಿಲು ಹಾಕ್ಕೊಂಡ್ರೆ ಎರಡು ಗಂಟೆ ಹೊತ್ತು ಯಾರೂ ಒಳಗೆ ಬರದ ಹಾಗೆ ನೋಡ್ಕೋ."

ಅತಿಯಾಸೆಯೇನಲ್ಲ. ಮೂವತ್ತೊಂದು ವರ್ಷ ಅವರು ಕಂಡವರ ಮೊಣಕೈಗಳ ನಡುವೆ, ಗಾಣಕ್ಕೆ ಸಿಕ್ಕ ಕಬ್ಬಿನ ಹಾಗೆ ನಿಂತು ಟಿಕೆಟು ಹರಿದವರು. "ಒಳಗೆ ಹೋಗಿ, ಒಳಗೆ ಹೋಗಿ, ಬೇಕಾದಷ್ಟು ಜಾಗ ಇದೆ" ಎಂದು ಕೂಗಿ ಕೂಗಿ, ನಿವೃತ್ತರಾದ ಮೇಲೂ ನಿದ್ದೆಯಲ್ಲಿ ಹೆಂಡತಿಯನ್ನು ಗೋಡೆಯ ಕಡೆಗೆ ಸರಿಸುತ್ತಿದ್ದರು. ಅವರ ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೆ ಒಂದು ಬಯಲಿತ್ತು. ಅಲ್ಲಿಂದ ಪುಟ್ಟ ವಿಮಾನಗಳು ಹಾರಲು ಕಲಿಯುತ್ತಿದ್ದವು. ಅದನ್ನು ಮೊದಲ ಸಲ ಕಂಡ ದಿನ ಅವರು ಮನೆಗೆ ಓಡಿ ಬಂದು ಹೇಳಿದ್ದರು: "ಅದರೊಳಗೆ ಒಬ್ಬನೇ ಮನುಷ್ಯ ಕಣೇ! ನಿಂತ್ಕೊಂಡೋರಿಲ್ಲ, ಜೋತಾಡೋರಿಲ್ಲ, ಚಿಲ್ಲರೆ ಕೇಳೋರಿಲ್ಲ!"

ನಿವೃತ್ತರಾದ ವಾರವೇ ಅವರು ಆಟದ ವಿಮಾನ ಕಟ್ಟುವ ಒಂದು ಪೆಟ್ಟಿಗೆ ತಂದರು. ಅದರಲ್ಲಿ ಬೆಂಡಿನಷ್ಟು ಹಗುರವಾದ ಮರದ ಪಟ್ಟಿಗಳು, ಒಂದು ಮಾರುದ್ದದ ನಕ್ಷೆ, ಅಂಟಿನ ಬಾಟಲಿ, ತೆಳು ಪ್ಲಾಸ್ಟಿಕ್ ಹಾಳೆ ಇದ್ದವು. ಆದರೆ ಹಾಲ್‌ಗೆ ಹೊಂದಿಕೊಂಡಿದ್ದ ಸಣ್ಣ ಕೋಣೆಯ ಮೇಲೆ ಇನ್ನೊಬ್ಬರ ಹಕ್ಕಿತ್ತು. ಹೆಂಡತಿಯ ಅಣ್ಣ ಮರುದಿನ ಸಂಜೆ ಬಂದು ಒಂದು ತಿಂಗಳು ಇರುವವರಿದ್ದರು. ಭಾವನವರು ಮೂವತ್ತೈದು ವರ್ಷ ನಿರ್ಜನ ಬಯಲಿನಲ್ಲಿ ರೈಲ್ವೆ ಗೇಟು ಕಾದವರು. ಅಷ್ಟು ವರ್ಷ ಆಡದೆ ಉಳಿಸಿಕೊಂಡ ಮಾತನ್ನೆಲ್ಲ ಈಗ ನೆಂಟರ ಮನೆಗಳಲ್ಲಿ ಆಡಿ ಮುಗಿಸುತ್ತಿದ್ದರು.

"ನಾಳೆ ಸಂಜೆ ಅಣ್ಣ ಬರೋ ಹೊತ್ತಿಗೆ ಒಂದು ರೆಕ್ಕೆನಾದ್ರೂ ಕಣ್ಣಿಗೆ ಕಾಣಿಸ್ಬೇಕು" ಎಂದು ಹೆಂಡತಿ ತೀರ್ಪು ಕೊಟ್ಟರು. "ಕಾಣಿಸಿದ್ರೆ ಕೋಣೆ ನಿಮ್ಮದು, ಅಣ್ಣ ಹಾಲ್‌ನಲ್ಲಿ ಮಲಗ್ತಾನೆ. ಇಲ್ದಿದ್ರೆ ಅವನ ಮಂಚ ಅಲ್ಲಿಗೆ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರ್ದು."

ಮರುದಿನ ಬೆಳಿಗ್ಗೆ ಎಂಟಕ್ಕೇ ಕಂಡಕ್ಟರು ಕೆಲಸಕ್ಕಿಳಿದರು. ಪೆಟ್ಟಿಗೆಯ ಸೂಚನೆಯಲ್ಲಿ ಮೊದಲ ಮಾತೇ ಇದು: ಕಟ್ಟುವ ಮೇಜು ತಟ್ಟೆನೀರಿನಷ್ಟು ಸಮವಾಗಿರಬೇಕು, ಮೇಜು ಸೊಟ್ಟಗಿದ್ದರೆ ರೆಕ್ಕೆ ಸೊಟ್ಟ, ರೆಕ್ಕೆ ಸೊಟ್ಟಗಿದ್ದರೆ ವಿಮಾನ ಬೇಲಿಯಲ್ಲಿ. ಕಂಡಕ್ಟರು ಒಂದು ಗೋಲಿ ಹಿಡಿದು ಪರೀಕ್ಷೆಗೆ ಹೊರಟರು. ಊಟದ ಮೇಜಿನ ಮೇಲಿಟ್ಟರೆ ಗೋಲಿ ನಡುವಿಗೆ ಉರುಳಿತು. ಇಸ್ತ್ರಿ ಮೇಜಿನಿಂದ ನೆಲಕ್ಕೆ ಹಾರಿತು. ದಿವಾನ್ ಮಂಚದ ಹಲಗೆಯ ಮೇಲೆ ಸುತ್ತು ಹಾಕಿ ಅದರ ಕೆಳಗೆ ಸೇರಿತು.

ಟಣ್ ಟಣ್ ಸದ್ದಿಗೆ ಪಕ್ಕದ ಮನೆಯ ಬಡಗಿ ಬಂದ. "ಏನ್ ಕಂಡಕ್ಟ್ರೇ, ಈ ವಯಸ್ಸಲ್ಲಿ ಗೋಲಿ ಆಟ?"

ವಿಷಯ ಕೇಳಿದ ಮೇಲೆ ಅವನು ನಕ್ಕ. "ಈ ಮನೇಲಿ ಸಮವಾಗಿರೋ ವಸ್ತು ಅಂದ್ರೆ ಒಂದೇ. ನಾನೇ ಮಾಡಿದ್ದು" ಎಂದು ಸಣ್ಣ ಕೋಣೆಯ ಬಾಗಿಲನ್ನು ತಟ್ಟಿದ.

"ಬಾಗಿಲೇ? ನಾನು ಕೋಣೆ ಕೇಳಿದ್ದೇ ಬಾಗಿಲು ಹಾಕ್ಕೊಳ್ಳೋಕೆ ಮಾರಾಯ!"

"ಒಂದು ದಿನದ ಮಾತು. ಸಂಜೆ ನಾನೇ ತಿರುಗಿ ಹಾಕ್ಕೊಡ್ತೀನಿ."

ಐದು ನಿಮಿಷದಲ್ಲಿ ಬಾಗಿಲು ಕೀಲುಗಳಿಂದ ಬಿಡಿಸಿಕೊಂಡು ಕೋಣೆಯೊಳಗೆ ಎರಡು ಟ್ರಂಕುಗಳ ಮೇಲೆ ಮಲಗಿತು. ಒಳಮೈಯಲ್ಲಿ ಚಿಲಕವೂ ಬಟ್ಟೆ ತೂಗುಹಾಕುವ ಕೊಕ್ಕೆಗಳೂ ಇದ್ದುದರಿಂದ ಅದು ಕೆಳಕ್ಕಾಯಿತು. ನುಣುಪಾದ ಹೊರಮೈ ಮೇಲಕ್ಕೆ. ಗೋಲಿಯನ್ನಿಟ್ಟರೆ ಧ್ಯಾನಕ್ಕೆ ಕೂತ ಹಾಗೆ ಕೂತಿತು. ಕಂಡಕ್ಟರ ಕಣ್ಣು ತುಂಬಿ ಬಂತು. ಸೂಚನೆಯಂತೆ ಅದರ ಮೇಲೆ ನಕ್ಷೆ ಹಾಸಿ, ನಕ್ಷೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದರು.

ಆದರೆ ಬಾಗಿಲಿಲ್ಲದ ಕೋಣೆ, ಬೇಲಿಯಿಲ್ಲದ ಹೊಲ. ಯಾರು ನುಗ್ಗಿದರೂ ದೂರುವಂತಿಲ್ಲ. ಬಡಗಿಯಂತೂ "ಮರದ ಕೆಲಸ ನೋಡ್ತಾ ಸುಮ್ನೆ ನಿಲ್ಲೋಕಾಗಲ್ಲ" ಎಂದು ಅಲ್ಲೇ ಕೂತ. ಪೇಪರು ಹಿಂತಿರುಗಿಸಲು ಬಂದ ಮಹಡಿ ಮನೆಯ ಗಣಿತ ಮೇಷ್ಟ್ರು, ನಕ್ಷೆಯನ್ನು ಕಂಡದ್ದೇ ಕನ್ನಡಕ ಏರಿಸಿದರು. ಕಂಡಕ್ಟರು ನೀರು ಕುಡಿಯಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಸುತ್ತ ತಮ್ಮದೇ ಜಾಗ ಹೋಗಿತ್ತು. ಇಬ್ಬರ ಭುಜಗಳ ನಡುವೆ ಕತ್ತು ತೂರಿಸಿ, ತಮ್ಮ ವಿಮಾನವನ್ನು ತಾವೇ ಇಣುಕಿ ನೋಡಬೇಕಾಯಿತು.

"ಇದೇನ್ರೀ, ನಕ್ಷೆ ಮೇಲೆ ಪ್ಲಾಸ್ಟಿಕ್ಕು?" ಎಂದರು ಮೇಷ್ಟ್ರು. "ಗೆರೆ ಎಲ್ಲ ಎರಡೆರಡು ಕಾಣಿಸ್ತಿದೆ. ಅರ್ಧ ಗೆರೆ ತಪ್ಪಿದ್ರೂ ಲೆಕ್ಕ ತಪ್ಪಿದ ಹಾಗೇ."

"ಮೇಷ್ಟ್ರೇ, ಸೂಚನೆಯಲ್ಲಿ ಹಾಕಿ ಅಂತಾನೇ..."

"ಸೂಚನೆ ದಡ್ಡರಿಗೆ. ನಾನಿದ್ದೀನಲ್ಲ." ಮೇಷ್ಟ್ರು ಹಾಳೆಯನ್ನು ಎಳೆದು, ಮಡಚಿ, ಜೇಬಿಗಿಟ್ಟುಕೊಂಡರು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ರೆಕ್ಕೆ ಎದ್ದಿತ್ತು. ಎರಡು ಉದ್ದನೆಯ ಪಟ್ಟಿಗಳ ನಡುವೆ ಹದಿನಾಲ್ಕು ಪಕ್ಕೆಲುಬುಗಳು. ಮೀನಿನ ಮುಳ್ಳಿನಷ್ಟು ಚಂದ. ಅದರಲ್ಲಿ ಕಂಡಕ್ಟರು ಕೈಯಾರೆ ಅಂಟಿಸಿದ್ದು ಒಂದೇ ಒಂದು. ಅದನ್ನೂ ಮೇಷ್ಟ್ರು ತಿದ್ದಿ ಕೂರಿಸಿದ್ದರು. ಹೋಗಲಿ, ರೆಕ್ಕೆಯಾಯಿತಲ್ಲ ಎಂದು ಕಂಡಕ್ಟರು ಗುಂಡುಸೂಜಿಗಳನ್ನು ಕಿತ್ತು, ಮೆಲ್ಲಗೆ ಎತ್ತಿದರು. ಬರಲಿಲ್ಲ. ಸ್ವಲ್ಪ ಜೋರಾಗಿ ಎತ್ತಿದರು. ಬಾಗಿಲೇ ಎದ್ದು ಬಂತು.

ಅಂಟು ನಕ್ಷೆಯ ಕಾಗದವನ್ನು ದಾಟಿ ಮರಕ್ಕೇ ಇಳಿದಿತ್ತು. ಮೂವರೂ ಮೇಷ್ಟ್ರ ಜೇಬನ್ನು ನೋಡಿದರು, ಮೇಷ್ಟ್ರೂ ಸೇರಿ.

"ಕೀಳಬೇಡಿ, ಪಕ್ಕೆಲುಬು ಮುರಿಯುತ್ತೆ" ಎಂದ ಬಡಗಿ. "ಪೂರ್ತಿ ಒಣಗಲಿ. ಆಮೇಲೆ ತೆಳು ಬ್ಲೇಡ್ ಆಡಿಸಿ ನಾನು ಬಿಡಿಸ್ತೀನಿ."

ಆಗಲೇ ಹೊರಗೆ, ರೈಲು ಬಂದಷ್ಟೇ ದೊಡ್ಡದಾಗಿ, ಭಾವನವರ ದನಿ ಬಂತು. ದನಿಯ ಹಿಂದೆಯೇ ಅವರೂ ಬಂದರು. ಚೀಲವನ್ನೂ ಇಳಿಸದೆ ನೇರ ಕೋಣೆಯೊಳಕ್ಕೆ. "ಭಾವನವರೇ! ಏನಿದು, ವಿಮಾನ! ನನ್ನ ಗೇಟಿನ ಮೇಲೂ ದಿನಕ್ಕೊಂದು ಹೋಗ್ತಿತ್ತು. ಕೈ ಬೀಸ್ತಿದ್ದೆ. ಮೂವತ್ತೈದು ವರ್ಷ! ಒಬ್ಬನೂ ತಿರುಗಿ ಕೈ ಬೀಸಲಿಲ್ಲ ನೋಡಿ..."

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ರೆಕ್ಕೆಯನ್ನು ನೋಡಿದರು, ಗಂಡನನ್ನು ನೋಡಿದರು. "ಮಾತು ಅಂದ್ರೆ ಮಾತು. ಕೋಣೆ ನಿಮ್ಮದು. ಅಣ್ಣಾ, ನಿನ್ನ ಮಂಚ ಹಾಲ್‌ನಲ್ಲಿ."

ಗೆದ್ದ ಸಂತೋಷವನ್ನು ಕಂಡಕ್ಟರು ಅನುಭವಿಸೋಣವೆಂದರೆ ಒಂಬತ್ತಡಿ ಕೋಣೆಯಲ್ಲಿ ನಾಲ್ವರು ಒಟ್ಟಿಗೇ ಮಾತಾಡುತ್ತಿದ್ದರು. ಯಾರದೋ ಮೊಣಕೈ ಪಕ್ಕೆಗೆ ತಿವಿಯಿತು. ಮೂವತ್ತೊಂದು ವರ್ಷದ ತಾಳ್ಮೆ ಅಲ್ಲಿಗೆ ಕಟ್ಟೊಡೆಯಿತು.

"ಬಾಗಿಲು ಹಾಕಪ್ಪಾ!" ಎಂದು ಬಡಗಿಗೆ ಕೂಗಿದರು. "ಈಗಲೇ ಹಾಕು!"

"ಅಲ್ಲ ಕಂಡಕ್ಟ್ರೇ, ರೆಕ್ಕೆ ಅದರ ಮೇಲೇ ಇದೆ..."

"ಇರಲಿ! ರೆಕ್ಕೆ ಇರಲಿ, ಕೊಂಬು ಇರಲಿ, ಬಾಗಿಲು ಬಾಗಿಲೇ. ಹಾಕು!"

ಇನ್ನೇನು ಮಾಡುವುದು? ಪೆಟ್ಟಿಗೆ, ಅಂಟು ಎಲ್ಲ ಹಾಲ್‌ಗೆ ಹೋದವು. ಮೂರು ಜನ ರೋಗಿಯನ್ನು ಎತ್ತುವ ಹಾಗೆ ಬಾಗಿಲನ್ನೆತ್ತಿ ನಿಲ್ಲಿಸಿದರು. ಒಳಗಿನಿಂದ ಒಬ್ಬರು ಹಿಡಿದುಕೊಳ್ಳಬೇಕು ಎಂದ ಬಡಗಿ. ಕಂಡಕ್ಟರು ಯಾರಿಗೂ ಬಿಡದೆ ತಾವೇ ಒಳಗೆ ನಿಂತರು. ಸ್ಕ್ರೂಗಳು ಬಿಗಿದವು. ಬಾಗಿಲು ಮುಚ್ಚಿತು. ಕಂಡಕ್ಟರು ಚಿಲಕ ಹಾಕಿದರು.

ಆಹಾ! ಮಾತುಗಳೆಲ್ಲ ಕಿವಿಯಿಂದ ಸ್ನಾನದ ನೀರು ಇಳಿದ ಹಾಗೆ ಇಳಿದುಹೋದವು. ಕೋಣೆ ಕೊಟ್ಟೆ, ಬಾಗಿಲು ಕೊಟ್ಟೆ, ನೀನು ದೊಡ್ಡವನಪ್ಪಾ ಎಂದು ಅವರು ಕಣ್ಣು ಮುಚ್ಚಿ ಕೈ ಮುಗಿದರು. ಮತ್ತೆ ಕಣ್ಣು ಬಿಟ್ಟು, ಇನ್ನು ಕೆಲಸಕ್ಕೆ ಕೂರೋಣವೆಂದು ತಿರುಗಿದರು.

ಎರಡು ಟ್ರಂಕು. ನೆಲದ ಮೇಲೊಂದು ಗೋಲಿ. ಬಾಗಿಲ ಮೇಲೆ ಚಿಲಕ, ಕೊಕ್ಕೆ.

ಮೇಜು ಹೋಗಿ ಬಾಗಿಲಾಗಿತ್ತು. ರೆಕ್ಕೆ ಅದರ ಆಚೆ ಮೈಯ ಮೇಲಿತ್ತು.

"ನಿಲ್ಲಿಸಿದ ಮೇಲೆ ನೋಡ್ರಪ್ಪಾ, ಎಷ್ಟು ಲಕ್ಷಣವಾಗಿದೆ!" ಹೊರಗಿನಿಂದ ಭಾವನವರ ದನಿ ಬಂತು. "ಅಯ್ಯೋ, ಈ ಎರಡು ಪಕ್ಕೆಲುಬು ಜರುಗಿವೆ" ಎಂದರು ಮೇಷ್ಟ್ರು. "ಹೊಸ ಅಂಟು ಹಾಕಿ, ನಾನು ಹಿಡ್ಕೋತೀನಿ" ಎಂದ ಬಡಗಿ. ಹೆಂಡತಿಯೂ ನಕ್ಕದ್ದು ಕೇಳಿಸಿತು.

ಕಂಡಕ್ಟರು ಗಡಬಡಿಸಿ ಚಿಲಕಕ್ಕೆ ಕೈ ಹಾಕಿದರು.

"ಯಾರದು ಅಲ್ಲಾಡಿಸೋದು!" ಭಾವನವರೊಳಗಿನ ಗೇಟ್ ಕಾವಲುಗಾರ ಎಚ್ಚೆತ್ತು ಗದರಿದ. "ಅಂಟು ಹಸಿ ಇದೆ. ನಾನಿಲ್ಲಿ ನಿಂತಿರೋವರೆಗೆ ಗೇಟು ತೆಗೆಯೋ ಹಾಗಿಲ್ಲ!"

"ಎಷ್ಟು ಹೊತ್ತು ಭಾವ?"

ಒಳಗೊಳಗೇ ಗುಣಿಸಿ ಮೇಷ್ಟ್ರು ಉತ್ತರ ಕೊಟ್ಟರು. "ಸರಿಯಾಗಿ ಎರಡು ಗಂಟೆ."

ಕಂಡಕ್ಟರು ಸೂರನ್ನು ನೋಡಿದರು. ಮೇಲಿದ್ದವನು ಒಂದಕ್ಷರವನ್ನೂ ಮರೆತಿರಲಿಲ್ಲ. ಬೇಡುವಾಗ ವಿಮಾನದ ಸುದ್ದಿಯೆತ್ತಲು ಮರೆತವರು ತಾವೇ.

ಸ್ವಲ್ಪ ಹೊತ್ತಿಗೆ ಹೆಂಡತಿ ಹೊರಗಿನಿಂದ ಸುತ್ತಿ ಬಂದು ಕಿಟಕಿಯ ಸರಳುಗಳ ನಡುವೆ ಒಂದು ಲೋಟ ಕಾಫಿ ತೂರಿಸಿದರು. "ಸಮಾಧಾನವಾಗಿದೆ ತಾನೇ? ಯಾರ ಕಾಟವೂ ಇಲ್ಲ" ಎಂದು, ಉತ್ತರಕ್ಕೂ ಕಾಯದೆ ರೆಕ್ಕೆಯ ಕಡೆಗೆ ಓಡಿದರು. ಅಲ್ಲಿ ಭಾವನವರು ಯಾವುದೋ ಕತೆ ಹೇಳುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂವತ್ತೈದು ವರ್ಷ ಕೈ ಬೀಸಿದವರಿಗೆ ಇವತ್ತು ಯಾರೋ ತಿರುಗಿ ಬೀಸಿದ್ದರು.

ಕಂಡಕ್ಟರು ಕಾಫಿ ಕುಡಿದರು. ಗೋಲಿಯನ್ನು ಟ್ರಂಕಿನ ಮೇಲಿಟ್ಟು ನೋಡಿದರು, ಉರುಳಿತು. ಕೊನೆಗೆ ತಡೆಯಲಾರದೆ ಬಾಗಿಲ ಸಂದಿಗೆ ಬಾಯಿಟ್ಟು, ಮೂವತ್ತೊಂದು ವರ್ಷದಲ್ಲಿ ತಾವೆಂದೂ ಆಡದಿದ್ದ ಮಾತನ್ನು ಮೆಲ್ಲಗೆ ಆಡಿದರು:

"ಸ್ವಲ್ಪ ಜಾಗ ಮಾಡ್ಕೊಡ್ರಪ್ಪಾ... ನಾನೂ ಬರ್ತೀನಿ."

"ಇಲ್ಲಿ ಕಾಲಿಡೋಕೂ ಜಾಗ ಇಲ್ಲ ಭಾವನವರೇ!" ಆಚೆಯಿಂದ ಗೇಟ್ ಕಾವಲುಗಾರನ ಕೂಗು ಬಂತು. "ಒಳಗೆ ಹೋಗಿ, ಒಳಗೆ ಹೋಗಿ. ಅಲ್ಲಿ ಬೇಕಾದಷ್ಟು ಜಾಗ ಇದೆ!"