ಹತ್ತಿರದ ಪ್ಲಂಬರ್

"ಇನ್ನೊಂದು ತಿಂಗಳು ನೋಡ್ತಿರು. ಈ ಊರಲ್ಲಿ ಎಲ್ಲೇ ಒಂದು ಹನಿ ಸೋರಿದ್ರೂ, ಜನ ಫೋನ್ ತೆಗೆದ ತಕ್ಷಣ ಮೊದಲು ಬರೋದು ನನ್ನ ಹೆಸರೇ," ಎಂದು ನಮ್ಮ ಪ್ಲಂಬರ್ ಮಹಾಶಯರು ಊಟದ ಮೇಜು ಗುದ್ದಿ ಘೋಷಿಸಿದಾಗ, ಮೇಜಿನ ಮೇಲಿದ್ದ ನೀರಿನ ಲೋಟ ಉರುಳಿತು. ಹೆಂಡತಿ ಬಟ್ಟೆ ತಂದು ಒರೆಸಿದಳು.

"ಊರಿನ ಹನಿ ಆಮೇಲೆ. ನಮ್ಮ ಅಡುಗೆಮನೆ ಹನಿ ಯಾವಾಗ?"

"ಭಾನುವಾರ," ಎಂದರು ಮಹಾಶಯರು, ತಲೆ ಎತ್ತದೆ.

ಈ ಭೀಷ್ಮಪ್ರತಿಜ್ಞೆಗೆ ಕಾರಣ ಪಕ್ಕದ ಮನೆ. ಅಲ್ಲಿ ಲೆಕ್ಕದ ಪಾಠ ಹೇಳಿ ನಿವೃತ್ತರಾದ ಟೀಚರಮ್ಮ ಇದ್ದಾರೆ. ಎರಡೂ ಮನೆಗಳ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ, ಅಷ್ಟೆ. ಅಂಥ ಟೀಚರಮ್ಮನ ಬಚ್ಚಲಿನ ಪೈಪು ಒಡೆದಾಗ ಬಂದವನು ನಾಲ್ಕು ಬೀದಿ ಆಚೆಯ ಹಸಿರು ವ್ಯಾನಿನವನು! ಬಂದವನು ತೆಪ್ಪಗೆ ಕೆಲಸ ಮುಗಿಸಿ ಹೋದನೇ? ಇಲ್ಲ. ವ್ಯಾನನ್ನು ತಂದು ಮಹಾಶಯರ ಗೇಟಿಗೇ ಅಡ್ಡ ನಿಲ್ಲಿಸಿದ. ಅರ್ಧ ಕೆಲಸದಲ್ಲಿ ಗೋಡೆಯ ಮೇಲಿಂದ ಇಣುಕಿ, "ಸಾರ್, ದೊಡ್ಡ ಸ್ಪ್ಯಾನರ್ ಇದ್ರೆ ಐದು ನಿಮಿಷ ಕೊಡ್ತೀರಾ?" ಎಂದು ಕೇಳಿದ. ಮಹಾಶಯರು ಮರ್ಯಾದಸ್ಥರು, ಕೊಟ್ಟರು. ಕೊಟ್ಟ ಮೇಲೆ ಅವರ ಹೊಟ್ಟೆಯೊಳಗೆ ಎದ್ದ ಬೆಂಕಿಯನ್ನು ಆರಿಸಲು ಊರಿನ ಯಾವ ಪೈಪಿನ ನೀರೂ ಸಾಲದು.

ಟೀಚರಮ್ಮನನ್ನು ಕೇಳಿದರೆ ಅವರ ಉತ್ತರ ಚೊಕ್ಕವಾಗಿತ್ತು. "ಫೋನಲ್ಲಿ ಹತ್ತಿರದ ಪ್ಲಂಬರ್ ಅಂತ ಹುಡುಕ್ದೆ. ಅದರಲ್ಲಿ ನೀವು ಇರಲೇ ಇಲ್ಲ. ಕೆಲಸ ಬಿಟ್ಟುಬಿಟ್ರೇನೋ ಅಂದ್ಕೊಂಡೆ. ಅಂದ್ಹಾಗೆ, ಮುಂದಿನ ತಿಂಗಳು ಮಹಡಿ ಕಟ್ಟಿಸ್ತಿದೀನಿ. ಎರಡು ಬಾತ್‌ರೂಮು, ಒಂದು ಅಡುಗೆಮನೆ. ಗಿರಾಕಿಗಳು ಬರೆದಿರೋ ಅಭಿಪ್ರಾಯ ಎಲ್ಲಾ ಓದಿ, ಯಾರಿಗೆ ಕೊಡ್ಬೇಕು ಅಂತ ನಿರ್ಧಾರ ಮಾಡ್ತೀನಿ."

ಎರಡು ಬಾತ್‌ರೂಮು, ಒಂದು ಅಡುಗೆಮನೆ. ಅದೂ ಗೋಡೆ ಹಾರಿದರೆ ಸಿಗುವಷ್ಟು ದೂರದಲ್ಲಿ. ಆ ಕೆಲಸವೂ ಹಸಿರು ವ್ಯಾನಿನ ಪಾಲಾದರೆ, ಇಡೀ ತಿಂಗಳು ಅವನು ಗೇಟಿಗೆ ಅಡ್ಡ ನಿಂತು ಸ್ಪ್ಯಾನರ್ ಕೇಳುತ್ತಿರುತ್ತಾನೆ! ಬದುಕಿದ್ದೂ ಅದನ್ನು ನೋಡುವುದೇ?

ಅಂದಿನಿಂದಲೇ ದಂಡಯಾತ್ರೆ ಶುರುವಾಯಿತು. ಮಹಾಶಯರ ಹೆಬ್ಬೆರಳು ಎರಡಿಂಚು ಪೈಪು ತಿರುಗಿಸಲು ಹುಟ್ಟಿದ್ದು. ಅದು ಫೋನಿನ ಮೇಲೆ ಒಂದು ಅಕ್ಷರ ಒತ್ತಿದರೆ ಮೂರು ಮೂಡುತ್ತಿದ್ದವು. ಹೀಗಾಗಿ ಟೈಪು ಮಾಡುವ ಖಾತೆ ಹೆಂಡತಿಗೆ, ಅಪ್ಪಣೆ ಕೊಡುವ ಖಾತೆ ಮಹಾಶಯರಿಗೆ.

"ಅಂಗಡಿ ಹೆಸರು ಏನು ಹಾಕ್ಲಿ?"

"ಬರ್ಕೋ. ಹತ್ತಿರದ ನಂಬರ್ ಒನ್ ಪ್ಲಂಬರ್, ನಲ್ಲಿ ರಿಪೇರಿ, ಪೈಪ್ ಸೋರಿಕೆ, ಸಿಂಕ್ ಬ್ಲಾಕ್, ಟ್ಯಾಂಕ್ ಕ್ಲೀನಿಂಗ್, ತಕ್ಷಣ ಸೇವೆ."

"ಇದು ಹೆಸರಾ? ಕರೆಯೋ ಹೊತ್ತಿಗೆ ಮನೆ ಮುಳುಗಿಹೋಗುತ್ತೆ."

"ಜನ ಏನು ಹುಡುಕ್ತಾರೋ ಅದೆಲ್ಲ ಹೆಸರಲ್ಲೇ ಇರ್ಬೇಕು. ನಿನಗೆ ವ್ಯಾಪಾರ ಗೊತ್ತಾಗಲ್ಲ."

ಫೋಟೋಗಳೂ ಆದವು. ಸ್ಪ್ಯಾನರನ್ನು ಗದೆಯಂತೆ ಹೆಗಲ ಮೇಲಿಟ್ಟು ಒಂದು, ನೀರಿನ ಟ್ಯಾಂಕಿನ ಮೇಲೆ ಒಂದು ಕಾಲೂರಿ ದಿಗಂತ ನೋಡುತ್ತಾ ಇನ್ನೊಂದು. ನಕ್ಷೆಯಲ್ಲಿ ಮನೆಯ ಮೇಲೆ ಒಂದು ಕೆಂಪು ಗುರುತು ಬಿತ್ತು. ಸೋಫಾದಲ್ಲಿ ಕೂತು ಹುಡುಕಿದರೆ ಆಹಾ, ಮಹಾಶಯರೇ ಮೊದಲು! ಕುಣಿಯುವುದೊಂದೇ ಬಾಕಿ.

ಆದರೆ ಬೀದಿಯ ತುದಿಗೆ ಹೋಗಿ ಹುಡುಕಿದರೆ ನಾಲ್ಕನೆಯವರು. ತರಕಾರಿ ಅಂಗಡಿಯ ಮುಂದೆ ಒಂಬತ್ತನೆಯವರು. ಬಸ್ ನಿಲ್ದಾಣದಲ್ಲಿ ಅವರ ಪತ್ತೆಯೇ ಇರಲಿಲ್ಲ. ಮೂರು ದಿನ ಅವರು ಫೋನನ್ನು ದೀಪದಂತೆ ಮುಂದೆ ಹಿಡಿದು ಬೀದಿ ಬೀದಿ ಅಲೆದರು. ಒಂದು ನಾಯಿ ಅವರ ಬೆನ್ನು ಹತ್ತಿ ಮನೆಯವರೆಗೂ ಬಂತು.

"ಹತ್ತಿರದ ಅಂದ್ರೆ ಹುಡುಕೋರಿಗೆ ಹತ್ತಿರ ಇರೋರು ಅಂತ. ಈ ಸೋಫಾಕ್ಕೆ ನಿಮಗಿಂತ ಹತ್ತಿರ ಯಾರಿದ್ದಾರೆ?" ಎಂದಳು ಹೆಂಡತಿ. "ಬೇರೆ ಕಡೆ ಮೇಲೆ ಬರ್ಬೇಕಾದ್ರೆ ಗಿರಾಕಿಗಳ ಅಭಿಪ್ರಾಯ ಬೇಕು. ಹಸಿರು ವ್ಯಾನಿನವರಿಗೆ ಇನ್ನೂರಿದೆ. ನಿಮಗೆ ಸೊನ್ನೆ."

ಗಿರಾಕಿಗಳನ್ನು ಕೇಳಲು ಮಹಾಶಯರಿಗೆ ನಾಚಿಕೆ. ನೆಂಟರನ್ನು ಕೇಳಲು ಎಂಥ ನಾಚಿಕೆ? ಎರಡೇ ದಿನದಲ್ಲಿ ಹದಿನೇಳು ಅಭಿಪ್ರಾಯಗಳು ಬಂದು ಬಿದ್ದವು. ಅತ್ತೆಯವರು ಐದು ನಕ್ಷತ್ರ ಕೊಟ್ಟು ಬರೆದಿದ್ದರು: "ಅಳಿಯಂದಿರು ಬಂಗಾರದಂಥವರು. ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಗೊರಕೆ ಸ್ವಲ್ಪ ಜಾಸ್ತಿ." ಭಾವಮೈದ ಬರೆದಿದ್ದ: "ಭಾವ ಇದ್ದರೆ ಬಲ." ದೊಡ್ಡಪ್ಪನವರು ಮಾತ್ರ ಒಂದೇ ನಕ್ಷತ್ರ ಒತ್ತಿಬಿಟ್ಟಿದ್ದರು. ಗಾಬರಿಯಿಂದ ಫೋನು ಮಾಡಿದರೆ, "ನೀನು ನಂಬರ್ ಒನ್ ಅಂತ ತಾನೇ ಒಂದು ಒತ್ತಿದ್ದು," ಎಂದರು. ಆ ಒಂದನ್ನು ಐದು ಮಾಡಿಸುವಷ್ಟರಲ್ಲಿ ಮಹಾಶಯರ ನಾಲಿಗೆ ಒಣಗಿತು.

ಅಂತೂ ಎಲ್ಲವೂ ಸರಿಹೋಯಿತು ಎನ್ನುವಾಗ, ಶನಿವಾರ ಮಧ್ಯಾಹ್ನ ಸಿಡಿಲು ಬಡಿಯಿತು. ಯಾರೋ "ಬೇಸತ್ತ ಗೃಹಿಣಿ" ಎಂಬ ಹೆಸರಿನವರು ಒಂದು ನಕ್ಷತ್ರ ಕೊಟ್ಟು ಹೀಗೆ ಬರೆದಿದ್ದರು: "ಅಡುಗೆಮನೆ ನಲ್ಲಿ ಎಂಟು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಕೇಳಿದಾಗಲೆಲ್ಲ ಭಾನುವಾರ ಎನ್ನುತ್ತಾರೆ. ಮೂವತ್ತನಾಲ್ಕು ಭಾನುವಾರ ಕಳೆದವು. ದಿನಕ್ಕೆ ಮೂರು ಬಕೆಟ್ ನಾನೇ ಹೊತ್ತು ಚೆಲ್ಲುತ್ತಿದ್ದೇನೆ."

ಮಹಾಶಯರು ಮೊದಲು ದೊಡ್ಡಪ್ಪನ ಮೇಲೆ ಗುಮಾನಿಪಟ್ಟರು. ಆಮೇಲೆ ತೊಡೆ ತಟ್ಟಿದರು.

"ಇದು ಹಸಿರು ವ್ಯಾನಿನವನದೇ ಕಿತಾಪತಿ. ಹೆಂಗಸರ ಹೆಸರಲ್ಲಿ ಬರೀತಾನೆ, ಹೇಡಿ."

"ಇರಬಹುದು," ಎಂದಳು ಹೆಂಡತಿ, ಸೊಪ್ಪು ಬಿಡಿಸುತ್ತಾ.

"ಟೀಚರಮ್ಮ ಓದೋಕೆ ಮುಂಚೆ ಉತ್ತರ ಕೊಡ್ಬೇಕು. ಕೈ ತೊಳ್ಕೊಂಡು ಬಾ. ಬರ್ಕೋ."

ಅವಳು ಕೈ ತೊಳೆದುಕೊಂಡು ಬಂದಳು. ಒಳಗೆ ನಲ್ಲಿ ನಿಲ್ಲಿಸಿದ ಮೇಲೂ ಬಕೆಟ್ಟಿಗೆ ತೊಟ್ ತೊಟ್ ಎಂದು ಬೀಳುತ್ತಲೇ ಇತ್ತು. ಮಹಾಶಯರಿಗೆ ಅದು ಗಡಿಯಾರದ ಸದ್ದಿನಷ್ಟೇ ಅಭ್ಯಾಸವಾಗಿಹೋಗಿತ್ತು.

"ಮಾನ್ಯ ಗ್ರಾಹಕರೇ," ಎಂದು ಅವರು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದರು.

"ಮಾನ್ಯ ಅನ್ನೋದು ಬೇಕಾ?"

"ಇರಲಿ. ಶತ್ರು ಆದ್ರೂ ಮರ್ಯಾದೆ ಕೊಡ್ಬೇಕು. ಮುಂದೆ ಬರಿ. ತಮ್ಮಂಥ ಗಿರಾಕಿ ನಮ್ಮ ದಾಖಲೆಯಲ್ಲೇ ಇಲ್ಲ. ತಮ್ಮನ್ನು ನಾವು ಕಂಡೇ ಇಲ್ಲ."

ಹೆಂಡತಿ ಬೆರಳು ನಿಲ್ಲಿಸಿ ಅವರ ಮುಖ ನೋಡಿದಳು. "ಕಂಡೇ ಇಲ್ಲ ಅಂತಾನೇ ಹಾಕ್ಲಾ?"

"ಹಾಕು. ಕೆಳಗೆ ಗೆರೆ ಎಳೆಯೋಕೆ ಆಗುತ್ತಾ?"

"ಆಗಲ್ಲ. ಆದ್ರೆ ಓದಿದವರಿಗೆ ಅರ್ಥ ಆಗುತ್ತೆ."

"ತಾವು ನಿಜವಾದ ಗಿರಾಕಿಯೇ ಆಗಿದ್ದರೆ ವಿಳಾಸ ಕೊಡಿ. ಒಂದು ಗಂಟೆಯೊಳಗೆ ಖುದ್ದು ನಾನೇ ಬಂದು, ಉಚಿತವಾಗಿ ಸರಿ ಮಾಡದಿದ್ದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ."

"ಒಂದು ಗಂಟೆ ಅಂದ್ರೆ ಕಷ್ಟ ಆಗಬಹುದು. ಭಾನುವಾರ ಅಂತ ಹಾಕ್ಲಾ?"

"ಒಂದು ಗಂಟೆ ಅಂದ್ನಲ್ಲ. ವಿಳಾಸ ಎಲ್ಲಿಂದ ಕೊಡ್ತಾನೆ ಅವನು? ಮೀಸೆಗೆ ಏನೂ ಆಗಲ್ಲ, ಒತ್ತು."

ಒತ್ತಿದಳು. ಒಳಗೆ ಹೋದಳು. ಎರಡು ನಿಮಿಷಕ್ಕೆ ಫೋನು ಟಿಣ್ ಎಂದಿತು. ಬೇಸತ್ತ ಗೃಹಿಣಿ ವಿಳಾಸ ಕಳಿಸಿದ್ದಳು! ಜೊತೆಗೆ ನಕ್ಷೆಯಲ್ಲಿ ಒಂದು ಗುರುತು, "ಕಾಯುತ್ತಿದ್ದೇನೆ" ಎಂಬ ಒಂದು ಮಾತು.

ಮಹಾಶಯರು ಒಂದು ಕ್ಷಣ ಬೆವರಿದರೂ ಎದೆಗುಂದಲಿಲ್ಲ. ಕನ್ನಡಕ ಹುಡುಕಿ ವಿಳಾಸ ಓದುವಷ್ಟು ವ್ಯವಧಾನ ಎಲ್ಲಿತ್ತು? ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಆ ಗುರುತನ್ನು ಒತ್ತಿ, ದಾರಿ ತೋರಿಸು ಎಂದು ಫೋನಿಗೆ ಆಜ್ಞಾಪಿಸಿದರು. ಫೋನಿನೊಳಗಿನ ಹೆಂಗಸು ತಡಮಾಡಲಿಲ್ಲ.

"ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ," ಎಂದಳು.

ಮಹಾಶಯರು ಇನ್ನೂ ಹೊಸಿಲು ದಾಟಿರಲಿಲ್ಲ. ಫೋನು ಕೆಟ್ಟಿದೆ ಎಂದುಕೊಂಡು ಅಂಗಳಕ್ಕೆ ಇಳಿದರು. "ಹಿಂದಿರುಗಿ," ಎಂದಳು ಅವಳು. ಗೇಟಿನವರೆಗೆ ಹೋದರು. "ಹಿಂದಿರುಗಿ." ಗೋಡೆಯಾಚೆ ಗಿಡಕ್ಕೆ ನೀರು ಹಾಕುತ್ತಿದ್ದ ಟೀಚರಮ್ಮ, ಕೈಯಲ್ಲಿ ತಮ್ಮ ಫೋನು ಹಿಡಿದು, ಬಹಳ ಆಸಕ್ತಿಯಿಂದ ಇದನ್ನೆಲ್ಲ ನೋಡುತ್ತಿದ್ದರು.

"ಇನ್ನು ಐವತ್ತೈದು ನಿಮಿಷ ಇದೆ," ಎಂದರು ಅವರು.

ಮಹಾಶಯರು ಹಿಂದಿರುಗಿದರು. ಬಾಗಿಲಲ್ಲಿ ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದಳು. ಒಳಗಿನಿಂದ ತೊಟ್, ತೊಟ್, ತೊಟ್. ಎಂಟು ತಿಂಗಳಲ್ಲಿ ಮೊದಲ ಸಲ ಆ ಸದ್ದು ಅವರ ಕಿವಿಗೆ ಬಿತ್ತು.

"ಬನ್ನಿ. ನೀವೇನಾ ಹತ್ತಿರದ ನಂಬರ್ ಒನ್ ಪ್ಲಂಬರ್ರು?" ಎಂದಳು ಅವಳು. "ಚಪ್ಪಲಿ ಹೊರಗೆ ಬಿಡಿ. ಅಡುಗೆಮನೆ ಈ ಕಡೆ. ನೀವು ಕಂಡೇ ಇಲ್ಲವಲ್ಲ, ತೋರಿಸ್ತೀನಿ."

ಮಹಾಶಯರು ಚಪ್ಪಲಿ ಹೊರಗೆ ಬಿಟ್ಟು ಅವಳ ಹಿಂದೆ ನಡೆದರು. ಸಿಂಕಿನ ಕೆಳಗೆ ಕೂತು ನೋಡಿದರೆ, ನಲ್ಲಿಯ ಬುಡದಿಂದ ಇಳಿದ ಹನಿಗೆ ಬಕೆಟ್ಟು ಮುಕ್ಕಾಲು ತುಂಬಿತ್ತು. ಅದರ ಹಿಡಿಗೆ ಒಂದು ಬಟ್ಟೆ ಸುತ್ತಿತ್ತು, ಎತ್ತುವಾಗ ಅಂಗೈ ಉರಿಯದಿರಲಿ ಎಂದು ಅವಳೇ ಸುತ್ತಿಕೊಂಡಿದ್ದು. ಅದನ್ನು ಕಂಡು ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು, ಸಂಕಟವೂ ಆಯಿತು. ನಲ್ಲಿಗೆ ಬೇಕಾಗಿದ್ದದ್ದು ಒಂದು ರಬ್ಬರಿನ ವಾಷರ್. ಅಂಥವು ಅವರ ಅಂಗಿಯ ಜೇಬಿನಲ್ಲೇ ಆರಿದ್ದವು. ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಹನಿ ನಿಂತಿತು.

"ಎಂಟು ತಿಂಗಳು ಬಾಯಲ್ಲಿ ಹೇಳ್ದೆ, ಕೇಳಿಸ್ಲಿಲ್ಲ," ಎಂದಳು ಅವಳು, ಈಗ ಮೆಲ್ಲಗೆ. "ಕೊನೆಗೆ ಗಿರಾಕಿ ಆಗ್ಬೇಕಾಯ್ತು."

"ತಪ್ಪಾಯ್ತು ಕಣೆ. ಮಹಡಿ ಕೆಲಸ ಅಂತೂ ಹೋಯ್ತು. ಆ ಒಂದು ನಕ್ಷತ್ರ ಸ್ವಲ್ಪ ಬದಲಾಯಿಸ್ತೀಯಾ?"

"ನೋಡೋಣ. ಹಸಿದಿದೀರಾ, ಮೊದಲು ಊಟಕ್ಕೆ ಕೂತ್ಕೊಳ್ಳಿ."

ಸಂಜೆ ಗೋಡೆಯ ಮೇಲೆ ಟೀಚರಮ್ಮನ ತಲೆ ಕಾಣಿಸಿತು. "ಸೋಮವಾರ ಬಂದು ಅಳತೆ ತಗೊಳ್ಳಿ," ಎಂದರು. ಮಹಾಶಯರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಟೀಚರಮ್ಮ ಮುಂದುವರಿಸಿದರು: "ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದೀನಿ. ಕಾಪಿ ಹೊಡೆದಿದ್ದು ಯಾವುದು, ಸ್ವಂತ ಬರೆದಿದ್ದು ಯಾವುದು ಅಂತ ನೋಡಿದ ಕೂಡ್ಲೆ ಗೊತ್ತಾಗುತ್ತೆ. ನಿಮ್ಮ ಹದಿನೆಂಟರಲ್ಲಿ ಹದಿನೇಳಕ್ಕೆ ಸೊನ್ನೆ ಹಾಕ್ದೆ. ಈ ಒಂದನ್ನ ನಂಬಿದೀನಿ. ಈಗಷ್ಟೇ ತಿದ್ದಿ ಹಾಕಿದಾರೆ, ನೀವೇ ಓದ್ಕೊಳ್ಳಿ."

ಮಹಾಶಯರು ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕು ನಕ್ಷತ್ರ. ಕೆಳಗೆ ಬೇಸತ್ತ ಗೃಹಿಣಿ ಬರೆದಿದ್ದಳು: "ಹೇಳಿದ ಹೊತ್ತಿಗಿಂತ ಮುಂಚೆ ಬಂದರು. ಕೆಲಸ ಅಚ್ಚುಕಟ್ಟು, ಒಂದು ಹನಿಯೂ ಸೋರುತ್ತಿಲ್ಲ. ಒಂದು ನಕ್ಷತ್ರ ಕಡಿಮೆ ಯಾಕೆಂದರೆ, ಕೆಲಸ ಮುಗಿದ ಮೇಲೂ ಮನೆಗೆ ಹೋಗಲಿಲ್ಲ. ಊಟ ಮಾಡಿ, ಇಲ್ಲೇ ಸೋಫಾದ ಮೇಲೆ ಗೊರಕೆ ಹೊಡೆಯುತ್ತಾ ಮಲಗಿದರು."