ಮಹಾಸತಿಯ ಬೆನ್ನಿಗೆ ಬಿಳಿ ಬಣ್ಣ

ಕಿಸಬುರೊ: ಮೊದಲು ಆ ಪದ್ಯ ಕಿತ್ತು ಹಾಕು. ಮಿಕ್ಕಿದ್ದು ಆಮೇಲೆ.

ಕಿನುಯೊ: ಅಲ್ಲಾಡ್ಬೇಡಿ ರೀ. ಬಣ್ಣ ಗೆರೆಗೆರೆಯಾಗುತ್ತೆ.

ನಾನು ಬಣ್ಣದ ಕೋಣೆಗೆ ಬರುವಷ್ಟರಲ್ಲಿ ಜಗಳ ಕಾವೇರಿತ್ತು. ನಮ್ಮ ಬೆಟ್ಟದೂರಿನ ಕಬುಕಿ ನಾಟಕದಲ್ಲಿ ಹೆಂಗಸರು ರಂಗ ಹತ್ತುವ ಹಾಗಿಲ್ಲ. ತೋಫು ಅಂಗಡಿಯ ಕಿಸಬುರೊನೇ ಮಹಾಸತಿ; ಆ ಸತಿಯ ಗಂಡ ನಾನು, ತೊಕುಜಿ. ಸತಿಯ ಅಂಗಿ ಹಿಂದೆ ಜಾರಿರಬೇಕು, ಕತ್ತು ಬೆನ್ನು ಬೆಳ್ಳಗೆ ಕಾಣಬೇಕು. ಅಲ್ಲಿಗೆ ಇವನ ಕೈ ಎಟುಕದು. ಅದಕ್ಕೇ ಇವನ ನಿಜವಾದ ಹೆಂಡತಿ ಕಿನುಯೊ ಬಂದು ಬಣ್ಣ ಬಳಿಯುತ್ತಿದ್ದಳು.

ಜಗಳ ಅವಳ ಚುಟುಕದ್ದು. ರಂಗಮಂದಿರದ ದಾರಿಯ ಕಾಗದದ ದೀಪಗಳ ಮೇಲೆ ಊರವರು ಪದ್ಯ ಬರೆಯುವುದು ವಾಡಿಕೆ. ಅವಳದು ಬಾಗಿಲಲ್ಲೇ ತೂಗುತ್ತಿತ್ತು:

ಕತ್ತಿ ಕಳೆದವನು ಗಂಡ,
ಮಾರಿಹೋದವಳು ಹೆಂಡತಿ;
ಅವನಿಗೆ ದಣಿವು.

ಕಿಸಬುರೊ: ಇದನ್ನ ಓದ್ಕೊಂಡು ಬಂದವರು ನನ್ನ ದೃಶ್ಯಕ್ಕೆ ಅಳ್ತಾರೇನೇ?

ಕಿನುಯೊ: ಅಳೋಕೇನಿದೆ? ಒಡೆಯನ ಕತ್ತಿ ಕಳ್ಕೊಂಡವರು ಇವರು. ಅದನ್ನ ವಾಪಸ್ ಕೊಳ್ಳೋ ದುಡ್ಡಿಗೆ ಸೂಳೆಗೇರಿಗೆ ಹೋಗೋಳು ಅವಳು. ಹೋಗೋ ಮುಂಚೆ ಇವರ ಕಾಲಿಗೆ ಬೇರೆ ಬೀಳ್ಬೇಕು. ಆಗ ನೀವೇನ್ಮಾಡ್ತಿರ್ತೀರಿ, ತೊಕುಜಿ ಸಾನ್?

ನಾನು: ಮುಖ ತಿರುಗಿಸಿ ನಿಟ್ಟುಸಿರು ಬಿಡ್ತೀನಿ, ತಂಗಿ.

ಕಿನುಯೊ: ಪಾಪ, ಕಷ್ಟದ ಕೆಲಸ.

ಕಿಸಬುರೊ: ಅದು ತ್ಯಾಗ ಕಣೇ. ನಿನಗೆ ತಿಳಿಯಲ್ಲ. ಅದಕ್ಕೇ ಹೆಂಗಸರಿಗೆ ಈ ಪಾತ್ರ ಕೊಡಲ್ಲ. ಹೆಣ್ತನ ಅಂದ್ರೆ ಕಲಿತು ಬರ್ಬೇಕು.

ಕಿನುಯೊ: ನೀವು ಯಾರ ಹತ್ರ ಕಲಿತ್ರಿ?

ಕಿಸಬುರೊ: ನಮ್ಮಪ್ಪನ ಹತ್ರ.

ನಾನು ಕೆಮ್ಮಿ ನಗು ನುಂಗಿದೆ.

ಕಿನುಯೊ: ಹೋದ ವರ್ಷ ಈ ಪಾತ್ರ ನಾನು ಮಾಡ್ತೀನಿ ಅಂದೆ. ನಿಮ್ಮ ಮಂಡಳಿಯವರು ನಕ್ಕು, ಊಟದ ಡಬ್ಬಿ ಕಟ್ಟೋಕೆ ಕಳಿಸಿದ್ರು.

ಕಿಸಬುರೊ: ನಾನೂ ನಕ್ಕೆ. ಈಗ ಈ ನಡುಪಟ್ಟಿ ಕಟ್ಟು. ಬಿಗಿಯಾಗಿ. ನನ್ನ ಬೀಸಣಿಗೆ ಎಲ್ಲಿಟ್ಟೆ?

ಕಿನುಯೊ: ನಿಮ್ಮ ಕೈಯಲ್ಲೇ ಇದೆ.

ಕಿಸಬುರೊ: ನೋಡು, ಕೊನೇ ಮಾತು. ಇನ್ಮೇಲೆ ಯಾವ ದೀಪದ ಮೇಲೂ ನೀನು ಬರೆಯೋ ಹಾಗಿಲ್ಲ.

ಕಿನುಯೊ: ಆಗ್ಲಿ. ದೀಪದ ಮೇಲೆ ಬರೆಯಲ್ಲ.

ಹೋಗಿ ದೀಪವನ್ನೂ ಇಳಿಸಿ ಬಂದಳು. ಅಷ್ಟು ಸಲೀಸಾಗಿ ಸೋಲುವವಳಲ್ಲ ಅವಳು, ನನಗೆ ಗೊತ್ತು. ಗಂಡನಿಗೆ ಗೊತ್ತಿರಲಿಲ್ಲ.

ಕಿಸಬುರೊ: ಹಾಂ, ಹಾಗೆ ಹೇಳಿದ ಮಾತು ಕೇಳ್ಬೇಕು. ಬೆನ್ನು ಇನ್ನೊಂದ್ಸಲ ನೋಡು.

ಕಿನುಯೊ: ಅದನ್ನೇ ನೋಡ್ತಿದೀನಿ.

ಅಷ್ಟರಲ್ಲಿ ಕರೆ ಬಂತು, ನಾನು ರಂಗಕ್ಕೆ ಹೊರಟೆ.

ಮಹಾಸತಿ ಜನಕ್ಕೆ ಬೆನ್ನು ಮಾಡಿ ನನ್ನ ಮುಂದೆ ಮಂಡಿಯೂರಿ, ತಲೆ ತಗ್ಗಿಸಿ ಬಿಕ್ಕಿದಳು. ಚಾಪೆಗಳ ಮೇಲೆ ಕುಳಿತವರು ಅಳಬೇಕಿತ್ತು. ಮೊದಲು ಮುದುಕಿಯೊಬ್ಬಳು ಕಿಸಕ್ಕೆಂದಳು, ಆಮೇಲೆ ಹೆಂಗಸರೆಲ್ಲ, ಆಮೇಲೆ ಇಡೀ ಊರು. ಮುಖ ತಿರುಗಿಸಿ ಅವಳ ಹಿಂದಕ್ಕೆ ನಡೆಯುವುದು ನನ್ನ ಪಾಲಿನ ನಟನೆ. ನಡೆದೆ. ಬಿಳಿ ಬೆನ್ನಿನ ಮೇಲೆ, ಹುಬ್ಬು ತೀಡುವ ಕಪ್ಪಿನಲ್ಲಿ, ದಪ್ಪಕ್ಷರದಲ್ಲಿತ್ತು:

ಮಹಾಸತಿಯಂತೆ!
ನಡುಪಟ್ಟಿ ಕಟ್ಟೋಕೆ
ಹೆಂಡತಿ ಬೇಕು.

ಬಿಕ್ಕುತ್ತಲೇ ಕಿಸಬುರೊ ಪಿಸುಗುಟ್ಟಿದ: ಯಾಕೋ ನಗ್ತಿದಾರೆ? ನಾನು ಏಳ್ಲಾ?

ನನ್ನ ನಿಟ್ಟುಸಿರಿನ ಹೊತ್ತು ಅದು. ಅದನ್ನು ಬಿಡುವ ಬದಲು ಹೇಳಿದೆ:

— ಅಲ್ಲಾಡ್ಬೇಡ. ಹಿಂದಿನ ಸಾಲಿನವರು ಇನ್ನೂ ಓದ್ತಿದಾರೆ.